ಎದುರಿಗೆ ಬಂದ ಎರಡು ಲಾರಿ

ಗಂಡನ ಕಪ್ಪು ಕನ್ನಡಕ ಒರೆಸಲು ಕೈಗೆತ್ತಿಕೊಂಡ ಸ್ಕೂಲ್ ವ್ಯಾನ್ ಡ್ರೈವರ್‌ನ ಹೆಂಡತಿ ಹಾಗೇ ನಿಂತುಬಿಟ್ಟಳು. ಎಡಗಡೆಯ ಗಾಜಿನ ಒಳಗೆ ಪೂರ್ತಿ ಕರಿ ಟೇಪು ಅಂಟಿಸಿತ್ತು!

"ಏನ್ರೀ ಇದು?"

"ಮೆಲ್ಲಗೆ ಮಾತಾಡೇ. ಆರು ತಿಂಗಳಿಂದ ದೂರದ್ದೆಲ್ಲ ಎರಡೆರಡು ಕಾಣ್ತಿದೆ. ಎದುರಿಗೆ ಒಂದು ಲಾರಿ ಬಂದ್ರೆ ನಂಗೆ ಎರಡು! ಒಂದು ಕಣ್ಣು ಮುಚ್ಚಿದ್ರೆ ಸರಿಹೋಗುತ್ತೆ."

ಆ ವ್ಯಾನಿನಲ್ಲಿ ದಿನಾ ಹದಿನೆಂಟು ಮಕ್ಕಳು. ಅದರಲ್ಲಿ ಒಬ್ಬಳು ಇವರದೇ ಮಗಳು. ಗಂಡನ ಎಡಗಣ್ಣು ಮೂಗಿನ ಕಡೆ ಸರಿದದ್ದನ್ನು ಅವಳೂ ನೋಡಿದ್ದಳು. ವಯಸ್ಸು ನಲವತ್ತೈದಾಯಿತು, ಸುಸ್ತಿರಬೇಕು ಅಂದುಕೊಂಡು ಸುಮ್ಮನಿದ್ದಳು. ಅಯ್ಯೋ, ಎಂಥ ಕೆಲಸವಾಯಿತು!

ಎದ್ದುಬಿದ್ದು ಓಡಿ ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು. ಅವರು ಕೆಲಸ ಮಾಡುವುದು ಕಣ್ಣಾಸ್ಪತ್ರೆಯಲ್ಲಿ, ಮಾತು ಮಾತ್ರ ಖಡಕ್ಕು.

"ಡ್ರೈವರಣ್ಣ, ಎಡಗಣ್ಣು ಮುಚ್ಚಿ ನೇರ ನೋಡಿ. ನನ್ನ ಕೈ ಕಂಡ ಕೂಡ್ಲೇ ಹೇಳಿ."

ನರ್ಸಕ್ಕ ಅವನ ಎಡಗಿವಿಯ ಪಕ್ಕದಿಂದ ನಿಧಾನಕ್ಕೆ ಕೈ ತಂದರು. ಕೈ ಮುಖದ ಮುಂದಕ್ಕೆ ಬರುವವರೆಗೂ ಅವನಿಗೆ ಅದು ಕಾಣಲೇ ಇಲ್ಲ.

"ಇಷ್ಟು ಜಾಗದಲ್ಲಿ ಒಂದು ಸೈಕಲ್ ಇದ್ದಿದ್ರೆ?"

ಅವನ ಮುಖ ಬಿಳಿಚಿಕೊಂಡಿತು. "ಮೊನ್ನೆ ಒಬ್ಬ ಸೈಕಲ್‌ನವನು ಬಾಯಿಗೆ ಬಂದಂಗೆ ಬೈದ. ಕುಡ್ದಿದಾನೆ ಅಂದ್ಕೊಂಡೆ!"

"ನಾಳೆನೇ ಆಸ್ಪತ್ರೆಗೆ ಬನ್ನಿ."

"ಮೆಳ್ಳೆಗಣ್ಣಿನ ಆಪರೇಷನ್ ಮಕ್ಕಳಿಗಲ್ವಾ ಸಿಸ್ಟರ್? ಇರೋ ದೃಷ್ಟಿನೂ ಹೋದ್ರೆ?"

"ಯಾರು ಹೇಳಿದ್ದು? ದೊಡ್ಡವರಿಗೂ ಮಾಡ್ತಾರೆ. ಮೊದಲು ನರದ ತೊಂದರೆನಾ, ಸಕ್ಕರೆ ಕಾಯಿಲೆನಾ ಅಂತ ನೋಡ್ತಾರೆ. ಕೆಲವರಿಗೆ ವಿಶೇಷ ಕನ್ನಡಕನೇ ಸಾಕಾಗುತ್ತೆ. ಆಪರೇಷನ್ ಬೇಕಾದ್ರೂ ಕಣ್ಣುಗುಡ್ಡೆ ಹೊರಗೆ ತೆಗೆಯಲ್ಲ, ಅದನ್ನ ಎಳೆಯೋ ಸ್ನಾಯು ಸರಿಮಾಡ್ತಾರೆ ಅಷ್ಟೇ. ದೃಷ್ಟಿಗೆ ಅಪಾಯ ಆಗೋದು ತೀರಾ ಅಪರೂಪ."

ಅವತ್ತೇ ಅವನು ವ್ಯಾನ್ ಓಡಿಸುವುದನ್ನು ನಿಲ್ಲಿಸಿದ. ತಪಾಸಣೆಯಾಯಿತು. ಕನ್ನಡಕ ಸಾಲಲಿಲ್ಲ. ಡಾಕ್ಟರು ಆಪರೇಷನ್ ಮಾಡಿದರು.

ಕೆಲವು ವಾರಗಳ ಮೇಲೆ ಮತ್ತೆ ತೋರಿಸಲು ಹೋದಾಗ, ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ ಮಗಳು ನಿಂತಿದ್ದಳು. ಅವನು ಎರಡೂ ಕಣ್ಣು ಬಿಟ್ಟು ನೋಡಿದ. ಕಂಡದ್ದು ಒಬ್ಬಳೇ ಮಗಳು. ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಆರು ತಿಂಗಳು ಇವಳನ್ನ ಹಿಂದೆ ಕೂರಿಸ್ಕೊಂಡು ಹಾಗೇ ಓಡಿಸ್ದೆ ಕಣೇ" ಎಂದು ಗಳಗಳನೆ ಅತ್ತುಬಿಟ್ಟ.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ಒಳಕ್ಕೆ ಸರಿದರೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಅವರ ಗಾಡಿಯ ಕೀಲಿ ಕಿತ್ತಿಟ್ಟುಕೊಳ್ಳಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ, ಮಕ್ಕಳು ಸುರಕ್ಷಿತವಾಗಿ ಮನೆ ಸೇರಲಿ.