ಇಪ್ಪತ್ತನಾಲ್ಕು ಕಮಾನು

ಕಾರಿನ ವೈಪರ್‌ಗಳು ಎದ್ದು ನಿಂತಿದ್ದವು. ತೊಳೆದಾಯಿತು ಎಂಬುದಕ್ಕೆ ಕಾರು ತೊಳೆಯುವವನ ಗುರುತು ಅದು. ದುಬೈನ ಇಂಟರ್‌ನ್ಯಾಷನಲ್ ಸಿಟಿಯ ಮೂರನೇ ಮಹಡಿಯ ಕಿಟಕಿಯಿಂದ ನಿವೇದಿತಾ ನೋಡಿದಳು. ಓಡಿಸುವವನು ಗೋಕಾಕದ ಮಣ್ಣು ಸೇರಿ ಹದಿನಾರು ದಿನ. ಕಾರು ಮಾತ್ರ ದಿನ ಬಿಟ್ಟು ದಿನ ಮೈ ತೊಳೆದುಕೊಂಡು ಕಾಯುತ್ತಿತ್ತು.

ಅವಳ ಗಂಡ, ಮೂವತ್ತೈದರ ಗುರುನಾಥ, ಸೈಟಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಂತೆ ಎದೆ ಹಿಡಿದುಕೊಂಡು ಕುಸಿದಿದ್ದ. ಪೆಟ್ಟಿಗೆಯಲ್ಲಿ ಊರಿಗೆ ಹೋದ. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ. ಕೆಡದಂತೆ ಔಷಧಿ ಹಾಕಿ ಸೆಟೆದುಹೋದ ದೇಹ ಮಡಚಲು ಬರಲಿಲ್ಲ. ಕೂರುವಷ್ಟಕ್ಕೆ ತೋಡಿದ್ದ ಕುಣಿಯನ್ನು ಮತ್ತೆ ಉದ್ದಕ್ಕೆ ಅಗೆಯುವವರೆಗೂ ಅವಳು ಬಿಸಿಲಲ್ಲಿ ನಿಂತಿದ್ದಳು. ಅಳು ಬರಲಿಲ್ಲ. ಇನ್ನೂ ಬಂದಿರಲಿಲ್ಲ.

ದುಬೈಗೆ ಮರಳಿಯಾಗಿತ್ತು; ನಾಳೆಯಿಂದ ಆಫೀಸು. ಅಷ್ಟರಲ್ಲಿ ಅತ್ತೆ ಶಾಂತವ್ವನ ಫೋನ್ ಬಂತು.

“ಮಂದೀ ಸಾಮಾನ ಏನರ ಅದಾವೇನು ಮನ್ಯಾಗ?”

“ಒಂದು ಪುಸ್ತಕ ಐತ್ರಿ. ಕಾನ್ರಾಡ್ ಅಂಕಲ್‌ದು.”

“ತಿಂಗಳ ತುಂಬೂದ್ರಾಗ ಕೊಟ್ಟುಬಿಡವ್ವಾ. ಹೋದಾವನ ಕೊಳ್ಳಾಗ ಭಾರ ಇಡಬಾರದು.”

ಅದು ಉತ್ತರ ಇಂಗ್ಲೆಂಡಿನ ಊರುಗಳ ಹಳೆಯ ಕೈಪಿಡಿ. ಡರ್ಹಮ್‌ನ ಕೆಥೆಡ್ರಲ್, ಹ್ಯಾಲಿಫ್ಯಾಕ್ಸ್‌ನ ಬಟ್ಟೆ ಮಾರುಕಟ್ಟೆ, ವಿಟ್ಬಿಯ ಮುರಿದ ಮಠ, ಸಾಲ್ಟೇರ್‌ನಲ್ಲಿ ಗಿರಣಿಯ ಬದಿಗೇ ಕೂಲಿಗಳಿಗೆಂದು ಕಟ್ಟಿದ ಓಣಿಗಳು. “ನಮ್ಮ ಸೋನಾಪುರದ ಲೇಬರ್ ಕ್ಯಾಂಪ್ ಇದ್ದಂಗ, ಆದ್ರ ಇವರು ಹೆಂಡ್ರು ಮಕ್ಕಳನ್ನೂ ಕರಕೊಂಡು ಬಂದಿದ್ರು” ಎಂದು ಗುರುನಾಥ ಓದಿ ಹೇಳಿದ್ದ.

ಪುಟಗಳ ಅಂಚಿನಲ್ಲಿ ಊರು ಊರಿಗೂ ಪೆನ್ಸಿಲಿನ ಟಿಕ್ಕು. ನಕ್ಷೆ ತಪಾಸಣೆ ಮಾಡುವವನ ಚಟ: ಕಿರಾಣಿ ಪಟ್ಟಿಗೂ ಟಿಕ್ಕು, ಲಗ್ನಪತ್ರಿಕೆಗೂ ಟಿಕ್ಕು. ಬರೆಯುವುದೆಲ್ಲ ಫೋನಿನಲ್ಲೇ ಆಗಿದ್ದರಿಂದ ಅವನ ಕೈಯದೆಂದು ಮನೆಯಲ್ಲಿ ಉಳಿದದ್ದು ಇವಷ್ಟೇ. ಪುಸ್ತಕ ಇಟ್ಟುಕೊಳ್ಳಬೇಕೆಂದು ಅವಳಿಗೆ ಬಲವಾಗಿ ಅನ್ನಿಸಿತು. ಹದಿನಾರು ದಿನಗಳಲ್ಲಿ ಅನ್ನಿಸಿದ್ದು ಅದೊಂದೇ.

ಆದರೆ ಕೊಡಬೇಕು. ಕೊಡುವುದಾದರೆ ಸ್ವಚ್ಛ ಮಾಡಿ ಕೊಡಬೇಕು. ಅವನದೇ ರಬ್ಬರು ತೆಗೆದುಕೊಂಡು ಕೂತಳು. ನೋಡಿದರೆ ಕೈ ನಿಂತೀತೆಂದು ನೋಡದೆಯೇ ಉಜ್ಜಿದಳು. ಒಂದೂ ಉಳಿಯಲಿಲ್ಲ.

ಮಧ್ಯಾಹ್ನ ಅಲ್ ಕುಸೈಸ್‌ನ ತಮ್ಮ ಮನೆಯಲ್ಲಿ ಕಾನ್ರಾಡ್ ಬಾಗಿಲು ತೆಗೆದರು. ಗುರುನಾಥನ ಸೈಟಿನಲ್ಲೇ ಸ್ಟೋರ್ ನೋಡಿಕೊಳ್ಳುವವರು; ಮಂಗಳೂರಿನವರು, ಅರವತ್ತರ ಹತ್ತಿರ, ಒಬ್ಬರೇ ಇರುವವರು.

“ಬಾ ಮಗಾ. ಒಂದು ವಾರಕ್ಕೆ ಅಂತ ತಗೊಂಡು ಹೋದವ, ಮೂರು ತಿಂಗಳಾಯ್ತು. ನಿಮ್ಮ ಕಡೆ ವಾರ ಅಷ್ಟು ಉದ್ದ ಉಂಟಾ ಅಂತ ಕೇಳ್ಲಿಕ್ಕೆ ಇತ್ತು ಅವನ ಹತ್ರ…” ಪುಸ್ತಕ ತೆಗೆದುಕೊಂಡು ಪುಟ ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಕನ್ನಡಕ ತೆಗೆದು ಅಂಗಿಗೆ ಒರೆಸಿ ಹಾಕಿಕೊಂಡರು.

“ಇದರಲ್ಲಿ ಟಿಕ್ಕು ಇತ್ತಲ್ಲ?”

“ಅಳಿಸೀನಿ ಅಂಕಲ್. ಮಂದಿ ಪುಸ್ತಕದಾಗ ಅವರು ಗೀಚಬಾರದಿತ್ತು.”

ಕಾನ್ರಾಡ್ ಪುಸ್ತಕವನ್ನು ಮೇಜಿನ ಮೇಲಿಟ್ಟರು.

“ಅದು ನನ್ನ ಹೆಂಡತಿ ಬೆನೆಡಿಕ್ಟಾ ಹಾಕಿದ್ದು” ಎಂದರು. “ಅವಳು ಡರ್ಹಮ್‌ನಲ್ಲಿ ನರ್ಸ್ ಆಗಿದ್ದಳು. ರಜೆ ಸಿಕ್ಕಿದ ದಿನ ಒಂದೊಂದು ಊರು. ನೋಡಿ ಬಂದ ಕೂಡ್ಲೇ ಟಿಕ್ಕು. ಅವಳು ತೀರಿಹೋಗಿ ಒಂಬತ್ತು ವರ್ಷ.”

ನಿವೇದಿತಾ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಸೀಸ ಒತ್ತಿದ ಗೆರೆಗಳು ಕಾಗದದಲ್ಲಿ ಇನ್ನೂ ಇದ್ದವು.

“ಪೆನ್ಸಿಲ್ ಕೊಡ್ರಿ.”

ಬೆರಳ ತುದಿಯಿಂದ ತಗ್ಗು ಹುಡುಕಿ ಒಂದೊಂದನ್ನೇ ಮತ್ತೆ ತಿದ್ದಿದಳು. ಕಾನ್ರಾಡ್ ಪಕ್ಕದಲ್ಲಿ ಕೂತು ಹೇಳುತ್ತಾ ಹೋದರು: ವಿಟ್ಬಿಯ ಮೆಟ್ಟಿಲಲ್ಲಿ ಬೆನೆಡಿಕ್ಟಾ ಕಾಲು ಉಳುಕಿಸಿಕೊಂಡದ್ದು, ಹ್ಯಾಲಿಫ್ಯಾಕ್ಸ್‌ನಲ್ಲಿ ಜಗಳವಾಡಿ ಬೇರೆ ಬೇರೆ ಬಸ್ಸು ಹತ್ತಿದ್ದು.

ರಿಬಲ್‌ಹೆಡ್‌ನ ರೈಲು ಸೇತುವೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಇಲ್ಲಿನ ಟಿಕ್ಕಿನ ಬಾಲ ಎಡಕ್ಕಿತ್ತು. ಗುರುನಾಥ ಎಡಗೈಯವನು.

“ಅಲ್ಲಿಗೆ ನಾವು ಹೋಗ್ಲೇ ಇಲ್ಲ” ಎಂದರು ಕಾನ್ರಾಡ್.

ಬಯಲಿನ ನಡುವೆ ಇಪ್ಪತ್ತನಾಲ್ಕು ಕಲ್ಲಿನ ಕಮಾನು. ಕಟ್ಟುವಾಗ ಕೂಲಿಗಳು ಅಪಘಾತಕ್ಕೆ, ಸಿಡುಬಿಗೆ ಸಿಕ್ಕಿ ಎಷ್ಟು ಸತ್ತರೆಂದರೆ ಹತ್ತಿರದ ಚರ್ಚಿನ ಸ್ಮಶಾನ ಸಾಲದೆ ಹಿಗ್ಗಿಸಬೇಕಾಯಿತಂತೆ. “ಒಮ್ಮೆ ಇದರ ಬುಡಕ್ಕ ನಿಂತು ನೋಡಬೇಕು” ಎಂದಿದ್ದ ಗುರುನಾಥ, ಮಲಗುವ ಮುಂಚೆ. ಅವಳು ದೀಪ ಆರಿಸ್ರಿ ಎಂದಿದ್ದಳು.

“ಅದು ಅವನದ್ದೇ ಅಲ್ವಾ? ಆ ಹಾಳೆ ಹರಿದು ಕೊಡ್ತೇನೆ, ತಗೊಂಡು ಹೋಗು.”

“ಬ್ಯಾಡ್ರಿ. ಮಂದಿ ಪುಸ್ತಕ.”

“ಹಾಗಾದ್ರೆ ಟಿಕ್ಕಾದ್ರೂ ಹಾಕು ಮಾರಾಯ್ತಿ.”

ಅವಳು ಪೆನ್ಸಿಲ್ ಕೆಳಗಿಟ್ಟಳು. ಎಡಕ್ಕೆ ವಾಲಿದ ಆ ತಗ್ಗಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು.

“ಅವರು ಇದನ್ನ ನೋಡಲಿಲ್ಲಲ್ರೀ ಅಂಕಲ್.”

ಪುಸ್ತಕ ಮುಚ್ಚಿ ಎರಡೂ ಕೈಯಿಂದ ಅವರಿಗೆ ಕೊಟ್ಟಳು.