ಜನರಲ್‌ನ ಮುಂದೆ ಐದು ಎಡೆ

ಸಂಧ್ಯಾರಾಣಿಗೆ ಸಿಟ್ಟು ನೆತ್ತಿಗೇರಿತು. ಏರದೇ ಇರುತ್ತದೆಯೇ! ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕೂತು ಅವಳು ಬರೆಯುತ್ತಿದ್ದದ್ದು ಬ್ರಿಟಿಷ್ ಜನರಲ್ ಹಾರ್ಕ್‌ನೆಸ್ ಎಂಬ ದೊಡ್ಡ ಮನುಷ್ಯನ ನಲವತ್ತು ವರ್ಷದ ಸೇವೆಯ ಕಥೆ. ಮೆಲ್ಬರ್ನಿನ ಒಂದು ಕ್ಲಬ್ಬಿನ ಪ್ರದರ್ಶನಕ್ಕೆ. ಹದಿನೆಂಟಕ್ಕೇ ಸೈನ್ಯ ಸೇರಿದ, ಒಂದೊಂದೇ ಮೆಟ್ಟಿಲು ಹತ್ತಿದ, ಎದೆ ತುಂಬ ಪದಕ ತೂಗಿಸಿಕೊಂಡು ಸತ್ತ. ನಡುವೆ ಒಂದು ಸಾಲು: "1858. ಬೆಳಗಾವಿ ಸೀಮೆಯ ಹಿರೇಗಟ್ಟಿಯಲ್ಲಿ ಹೆಸರು ತಿಳಿಯದ ಐವರು ದಂಗೆಕೋರರಿಗೆ ಗಲ್ಲು. ಮೇಜರ್ ಆಗಿ ಬಡ್ತಿ."

ಹಿರೇಗಟ್ಟಿ ಅವಳ ಅವ್ವನ ತವರು.

ಮೆಲ್ಬರ್ನಿನ ಕ್ಲೈಡ್ ನಾರ್ತಿನಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಚನ್ನಕ್ಕನಿಗೆ ಫೋನು ಮಾಡಿದಳು.

"ಹೆಸರು ತಿಳೀದಂತ? ಅಂವನ ಬಾಯಾಗ ಮಣ್ಣು ಬೀಳ್ಲಿ! ವರ್ಷಾ ಮಹಾಲಯ ಅಮಾಸಿಗೆ ಐದು ಎಡಿ ಇಟ್ಟು ಯಾರನ್ನ ಕರೀತೀನಿ ನಾ? ನನ್ನ ತವರಿನ ಹಿರ್ಯಾರು. ಬರಕೋ: ಗುರುಶಾಂತಪ್ಪ, ವಿರುಪಾಕ್ಷ, ಶಿವಪುತ್ರಪ್ಪ, ಶಿವಲಿಂಗಪ್ಪ, ಸಿದ್ದಲಿಂಗಪ್ಪ. ಮನಿ ಮಂದಿ ಹೆಸರು ಹಿಡಿದು ಕರೀಲಿಲ್ಲಂದ್ರ ಅವರು ಉಣ್ಣಂಗಿಲ್ಲ."

ಬರೆದಳು. ಮ್ಯಾನೇಜರ್ ರಾಘವ್ ಅಳಿಸಿದ.

"ಕ್ಲಯಂಟ್ ಕೇಳಿರೋದು ಅವರ ಮುತ್ತಜ್ಜನ ಕೆರಿಯರ್, ನಿಮ್ಮನೆ ಶ್ರಾದ್ಧ ಅಲ್ಲ. ನಿಮ್ಮ ಪಿಆರ್ ಪೇಪರ್‌ಗೆ ಕಂಪನಿ ಸೈನ್ ಮಾಡೋದು ಇನ್ನೂ ಬಾಕಿ ಇದೆ, ನೆನಪಿರ್ಲಿ."

ಐದು ವರ್ಷ ಕಾದ ಪಿಆರ್, ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪರವಾನಗಿ. ಸಂಧ್ಯಾರಾಣಿ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಉದ್ಘಾಟನೆ ಮಹಾಲಯ ಅಮಾವಾಸ್ಯೆಯ ದಿನವೇ ಬರಬೇಕೇ! ನಾನೂ ಬರ್ತೀನಿ ಅಂದಳು ಅವ್ವ. ಬೇಡವೆಂದರೆ ಕೇಳುವ ಜೀವವೇ ಅದು? ಡ್ಯಾಂಡಿನಾಂಗಿನ ಸಂತೆಯಲ್ಲಿ ಕೊಂಡ ಬಾಳೆಲೆ, ಹೋಳಿಗೆಯ ಡಬ್ಬಿ ಹಿಡಿದು ಕ್ಲಬ್ಬಿಗೆ ಬಂದೇಬಿಟ್ಟಳು. ಅಡುಗೆಯವಳೆಂದುಕೊಂಡು ಬಾಗಿಲಿನವರು ಒಳಗೆ ಬಿಟ್ಟರು. ಜನರಲ್‌ನ ಆಳೆತ್ತರದ ಚಿತ್ರದ ಕೆಳಗೆ, ಕಾರ್ಪೆಟ್ಟಿನ ಮೇಲೆ, ಐದು ಎಲೆ ಹಾಸಿ ಬಡಿಸಿದಳು.

ಸೂಟಿನವರು ವೈನ್ ಗ್ಲಾಸು ಹಿಡಿದು ನಿಂತಲ್ಲೇ ನಿಂತರು. ರಾಘವ್ ಸಿಡ್ನಿಯಿಂದ ಬಂದು ನಿಂತಿದ್ದ ಸಂಧ್ಯಾರಾಣಿಯತ್ತ ತಿರುಗಿ ಹಲ್ಲು ಕಚ್ಚಿದ. "ಯಾರ್ರೀ ಈಯಮ್ಮ? ನಿಮ್ಮವರಾ? ಗೊತ್ತಿಲ್ಲ ಅನ್ನಿ ಸಾಕು, ಸೆಕ್ಯುರಿಟಿ ಕರೀತೀನಿ. ನೀವು ಉಳ್ಕೋತೀರಿ."

ಅವ್ವ ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ನಾಲ್ಕು ಹೆಸರಾಯಿತು. ಐದನೆಯವನು ಮೈಮೇಲಿನ ಅರಿಶಿನ ಆರುವ ಮೊದಲೇ ಗಲ್ಲಿಗೇರಿದ ಮದುಮಗ. ಪ್ರತಿವರ್ಷದಂತೆ ಅವನ ಹೆಸರಿಗೆ ಬಂದಾಗ ಅವಳು ತಡೆದು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ತಿರುಗಿ ಮಗಳನ್ನು ನೋಡಿದಳು.

ಸಂಧ್ಯಾರಾಣಿ ಶೂ ಕಳಚಿದಳು. ಅವ್ವನ ಪಕ್ಕ ಕೂತು, ಇಡೀ ಹಾಲ್ ಕೇಳುವಂತೆ ಕೂಗಿದಳು:

"ಸಿದ್ದಲಿಂಗಪ್ಪಾ! ಉಣ್ಣಾಕ ಬಾರೋ ಯಪ್ಪಾ!"