ಹನುಮವ್ವನ ತಕರಾರು

"ಓಡಿ ಬಂದಿರೋ ಕೇಸಾ, ಹೊಟ್ಟೆ ಮುಂದೆ ಬಂದಿರೋ ಕೇಸಾ? ಮೊದಲು ಅದನ್ನ ಹೇಳಮ್ಮಾ, ಆಮೇಲೆ ಫಾರಂ ಕೊಡ್ತೀನಿ."

ಸಬ್ ರಿಜಿಸ್ಟ್ರಾರ್ ಕಚೇರಿಯ ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಶಶಿಕುಮಾರ್ ಇಷ್ಟು ಹೇಳಿ, ನನ್ನ ಮುಖ ಬಿಟ್ಟು ಹೊಟ್ಟೆ ನೋಡಿದ. ನನ್ನ ಹಿಂದೆ ಸೈಟು ನೋಂದಣಿಗೆ ಬಂದ ಹದಿನೈದು ಮಂದಿ ನಿಂತಿದ್ದರು. ಅವರಿಗೂ ಹೊತ್ತು ಹೋಗಬೇಕಾಗಿತ್ತು, ನಕ್ಕರು. ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಕಾಲರ್ ಹೊಲಿದವಳು ನಾನು. ಸೂಪರ್‌ವೈಸರ್ ಬಾಯಲ್ಲಿ ಇದಕ್ಕಿಂತ ಹೊಲಸು ಮಾತು ಕೇಳಿದ್ದೇನೆ. ಆದರೂ ಅವತ್ತು ನನ್ನ ಮದುವೆಯ ಮಾತು ನೋಡಿ, ಕಿವಿ ಕಾದವು.

"ಎರಡೂ ಅಲ್ರೀ ಸಾರ್," ಅಂದ ನನ್ನ ಪಕ್ಕ ನಿಂತಿದ್ದ ಬಸಲಿಂಗ. "ಕಾಯ್ದೆ ಪ್ರಕಾರ ಲಗ್ನ ಆಗಬೇಕಂತ ಬಂದೀವಿ."

"ಗುಡೀಲಿ ಕಟ್ಕೊಂಡು ಫೋಟೊ, ಲಗ್ನಪತ್ರಿಕೆ ತಂದ್ಬಿಡಿ, ಒಂದೇ ದಿನದ ಕೆಲಸ. ಯಾಕ್ ಒದ್ದಾಡ್ತೀರಾ?"

ಗುಡಿಗೂ ಹೋಗಿದ್ದೆವು. ಪೂಜಾರಿ ಮೊದಲು ಹೆತ್ತವರನ್ನು ಕರೆತನ್ನಿ ಎಂದ. ಆಮೇಲೆ ಯಾವ ಪೈಕಿ ಎಂದ. ಹುಡುಗ ಲಿಂಗಾಯತ, ಹುಡುಗಿ ಮಾದಿಗರವಳು ಎಂದು ಗೊತ್ತಾದ ಮೇಲೆ ಮಂಗಳಾರತಿ ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಂಡ. ಹಾಗಾಗಿ ಈ ಕಿಟಕಿಗೆ ಬಂದಿದ್ದೆವು.

ನಾವಿಬ್ಬರೂ ಕೊಪ್ಪಳ ಸೀಮೆಯ ಒಂದೇ ಊರಿನವರು. ಬಸಲಿಂಗನಿಗೆ ಅಪ್ಪ ಇಲ್ಲ, ಅವ್ವ ಇಲ್ಲ. ಕಾಕಾ ಚನಬಸಪ್ಪ ಗೌಡರ ಮನೆಯಲ್ಲಿ ಎತ್ತುಗಳ ಜೊತೆ ತಾನೂ ಒಂದು ಎತ್ತಾಗಿ ದುಡಿದು ಬೆಳೆದವನು. ನನ್ನ ಅವ್ವ ಹನುಮವ್ವ ಅದೇ ಗೌಡರ ಹೊಲದ ಆಳು. ನಮ್ಮ ಗುಡಿಸಲು ಇರುವುದೂ ಅವರ ಜಾಗದಲ್ಲಿ. ಹದಿನೈದು ವರ್ಷ ಒಂದೇ ಊರಲ್ಲಿದ್ದು ನಾವು ಒಂದು ಮಾತೂ ಆಡಿದವರಲ್ಲ. ಬೆಂಗಳೂರಿಗೆ ದುಡಿಯಲು ಬಂದ ಮೇಲೆ, ಹೆಬ್ಬಗೋಡಿಯ ಬಸ್ ಸ್ಟಾಪಿನಲ್ಲಿ ಅವನೇ ಮೊದಲು ಗುರುತು ಹಿಡಿದು, "ನೀ ಹನುಮವ್ವನ ಮಗಳು ಮಹಾನಂದಾ ಅಲ್ಲೇನು?" ಅಂದ. ಊರಿನಲ್ಲಿ ನನ್ನ ಹೆಸರನ್ನು ಪೂರ್ತಿ ಕರೆದ ಗೌಡರ ಪೈಕಿಯವರು ಬೇರೆ ಯಾರೂ ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಅರ್ಜಿಗೆ ವಿಳಾಸದ ದಾಖಲೆ ಬೇಕಿತ್ತು. ಬಸಲಿಂಗನ ರೂಮಿನ ಓನರ್ ರಾಮಾಂಜಿನಪ್ಪ ಬಾಡಿಗೆ ಕರಾರು ಬರೆದುಕೊಟ್ಟ, ಆದರೆ ಒಂದೇ ಹೆಸರಿಗೆ. "ನೀನು ಲಿಂಗಾಯ್ತ ಅಂತೀಯ, ಸರಿ. ಆವಮ್ಮನ ಎಸರು ನನ್ನ ಪತ್ರದಾಗೆ ಬ್ಯಾಡ ಕಣಪ್ಪ. ನಾಳೆ ಬೀದಿಯೋರು ಆಡ್ಕೊಂತಾರೆ" ಅಂದ. ನಾನು ನಾಲ್ಕು ಹೆಂಗಸರ ಜೊತೆ ಒಂದು ಶೀಟಿನ ಮನೆಯಲ್ಲಿರುವವಳು, ಅದಕ್ಕೆ ಕರಾರೂ ಇಲ್ಲ, ನಂಬರೂ ಇಲ್ಲ. ನನ್ನ ಆಧಾರ್‌ನಲ್ಲಿ ಊರಿನ ವಿಳಾಸವೇ ಇತ್ತು. ನಮ್ಮ ಲೈನಿನಲ್ಲಿ ಕೂತು ಹೊಲಿಯುವ ಯಾರೂ ಅದನ್ನು ಬದಲಾಯಿಸುವುದಿಲ್ಲ. ಬದಲಾಯಿಸಿದರೆ ಊರಿನ ರೇಷನ್ ಕಾರ್ಡಿನಿಂದ ಹೆಸರು ಹೋಗುತ್ತದೆ, ನನ್ನ ಪಾಲಿನ ಅಕ್ಕಿ ಅವ್ವನಿಗೆ ತಪ್ಪುತ್ತದೆ. ಖಾಯಂ ವಿಳಾಸ ಎಂಬಲ್ಲಿ ನಾನು ಊರು, ಹೋಬಳಿ, ತಾಲೂಕು ಎಲ್ಲವನ್ನೂ ದುಂಡಗೆ ಬರೆದೆ.

ಸಹಿ ಹಾಕಿ, ರಸೀದಿ ಕೈಗೆ ಬಂದ ಮೇಲೆ ಶಶಿಕುಮಾರ್ ಬಾಯಿ ಬಿಟ್ಟ.

"ಮೂವತ್ತು ದಿನ ಇಲ್ಲಿ ಬೋರ್ಡಿಗೆ ಹಾಕ್ತೀವಿ. ನಿನ್ನ ಖಾಯಂ ವಿಳಾಸ ಬೇರೆ ಜಿಲ್ಲೆ ಅಲ್ವಾ, ಒಂದು ನಕಲು ಅಲ್ಲಿಗೂ ಹೋಗತ್ತೆ. ಅಲ್ಲಿನ ಆಫೀಸಲ್ಲೂ ಅಂಟಿಸ್ತಾರೆ."

"ಊರ ಕಡೀಗೆ ಬ್ಯಾಡ್ರೀ ಸಾರ್!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಲ್ಲಿ ಗೊತ್ತಾದ್ರ ನಮ್ಮವ್ವನ್ನ ಬಿಡಂಗಿಲ್ರೀ. ಅರ್ಜಿ ಕೊಡ್ರಿ, ವಿಳಾಸ ಹೊಡದ ಹಾಕ್ತೀನಿ."

"ಇದೇನು ಸ್ಲೇಟಾ, ಒರೆಸಿ ಬರೆಯೋಕೆ? ಸರ್ಕಾರಕ್ಕೆ ಸುಳ್ಳು ವಿಳಾಸ ಕೊಟ್ರೆ ಅದೊಂದು ಬೇರೆ ಕೇಸ್ ಆಗತ್ತೆ. ಸೈಡಿಗೆ ಬಾರಮ್ಮಾ, ಹಿಂದಿನವರಿಗೆ ಲೇಟಾಗ್ತಿದೆ."

ಕಾನೂನು ಮಾಡಿದವರಿಗೆ ನಮ್ಮ ಊರು ಗೊತ್ತಿಲ್ಲ. ಗೊತ್ತಿದ್ದರೆ ಮಾದಿಗರ ಹುಡುಗಿ ಗೌಡರ ಮನೆಯ ಹುಡುಗನನ್ನು ಕಟ್ಟಿಕೊಳ್ಳುತ್ತಾಳೆ ಎಂದು ಫೋಟೊ ಸಮೇತ ಗೋಡೆಗೆ ಅಂಟಿಸಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳುತ್ತಿದ್ದರೇ?

ಇಲ್ಲಿನ ಬೋರ್ಡಿನಲ್ಲಿ ನಮ್ಮ ನೋಟಿಸು ಗಾಜಿನ ಹಿಂದೆ ಕೂತಿತು. ಬಸಲಿಂಗ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಅದರ ಮುಂದೆ ನಿಂತು ಬರುತ್ತಿದ್ದ. ನಿಂತರೆ ಏನು ಬಂತು? ಒಂದು ದಿನ ಯಾರೋ ಇಬ್ಬರು ಹುಡುಗರು ಮೊಬೈಲಿನಲ್ಲಿ ನಮ್ಮ ಫೋಟೊ ತೆಗೆದುಕೊಳ್ಳುತ್ತಿದ್ದರಂತೆ. ಯಾಕೆ ಎಂದು ಕೇಳಿದ್ದಕ್ಕೆ "ಪಬ್ಲಿಕ್ ನೋಟಿಸ್ ಗುರು, ಯಾರ್ ಬೇಕಾದ್ರೂ ನೋಡ್ಬೋದು" ಅಂದರಂತೆ. ನಾನು ಫ್ಯಾಕ್ಟರಿಯಲ್ಲಿ ಹೊಲಿಗೆ ತಪ್ಪತೊಡಗಿದೆ. ಕಾಲರ್ ವಾಪಸ್ ಬಂದಾಗಲೆಲ್ಲ ಸೂಪರ್‌ವೈಸರ್ "ಮದ್ವೆ ಹುಚ್ಚು ಹಿಡಿದೈತೆ ಮುಂಡೇದಕ್ಕೆ" ಎಂದು ಇಡೀ ಲೈನಿಗೆ ಕೇಳುವಂತೆ ಕೂಗುತ್ತಿದ್ದ.

ಹದಿನೇಳನೇ ದಿನದಿಂದ ಅವ್ವನ ಫೋನು ಸ್ವಿಚ್ ಆಫ್ ಆಯಿತು. ಕೇರಿಯ ಯಾರಿಗೆ ಮಾಡಿದರೂ ಎತ್ತಲಿಲ್ಲ. ಓಡಿಹೋಗಿ ನೋಡಿಬರೋಣವೆಂದರೆ ಊರಿಗೆ ಕಾಲಿಟ್ಟ ಮೇಲೆ ಬಿಡುತ್ತಾರೆಂಬ ನಂಬಿಕೆ ಇಲ್ಲ. ಅರ್ಜಿ ಹಿಂದಕ್ಕೆ ತೆಗೆದರೆ ಮತ್ತೆ ಮೊದಲಿನಿಂದ ಮೂವತ್ತು ದಿನ. ಬೋನಿಗೆ ಬಿದ್ದ ಇಲಿಗಾದರೂ ಒಂದು ತುಂಡು ಕೊಬ್ಬರಿ ಸಿಗುತ್ತದೆ. ನಮಗೆ ದಿನ ಎಣಿಸುವುದೊಂದೇ ಸಿಕ್ಕಿತು. ಎಣಿಸಿದೆವು.

ಇಪ್ಪತ್ತೆಂಟನೇ ದಿನ ಮಧ್ಯಾಹ್ನ ಕಚೇರಿಯಿಂದ ಫೋನು ಬಂತು. ತಕರಾರು ಬಂದಿದೆ, ಇಬ್ಬರೂ ಬನ್ನಿ.

ಅಧಿಕಾರಿ ಮೇಡಂ ಕೋಣೆಯಲ್ಲಿ ಚನಬಸಪ್ಪ ಗೌಡರು ಕುರ್ಚಿಯ ತುಂಬ ಕೂತಿದ್ದರು. ಅವ್ವ ಬಾಗಿಲ ಹೊರಗೆ, ಜನ ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ನಾನು ಓಡಿಹೋಗಿ ಭುಜ ಹಿಡಿದರೆ ಅವಳು ತಲೆ ಎತ್ತಲಿಲ್ಲ. ಕೈಯಲ್ಲಿ ಹೊಸ ಬಳೆ ಇದ್ದವು. ಹಳೆಯವು ಒಡೆದಿರಬೇಕು, ಮುಂಗೈಯಲ್ಲಿ ಗೀರು ಗಾಯ ಕಂಡವು.

"ಬಂದ್ಯಾ ಬೋಸುಡಿ," ಅಂದರು ಗೌಡರು. ಬಸಲಿಂಗನ ಕಡೆ ತಿರುಗಿ, "ನೀನೂ ಬಂದ್ಯೇನೋ, ನಮ್ಮ ಮನಿ ರೊಟ್ಟಿ ತಿಂದ ನಾಯಿ? ಹೊಲಗೇರಿ ಎಂಜಲಾ ಬೇಕಾಯ್ತೇನೋ ನಿನಗ?"

"ಕಾಕಾ, ಬಾಯಿ ಬಿಗಿ ಹಿಡದ ಮಾತಾಡು," ಅಂದ ಬಸಲಿಂಗ.

"ಇದು ಆಫೀಸು ಕಣ್ರೀ," ಅಂದರು ಮೇಡಂ. ಆಯಾಸದ ಮುಖದ ಹೆಂಗಸು. ಮುಂದಿದ್ದ ಕಾಗದ ಎತ್ತಿಕೊಂಡರು. ತಕರಾರು ಕೊಟ್ಟವರು ಹನುಮವ್ವ, ಹುಡುಗಿಯ ತಾಯಿ. ತಕರಾರು ಏನೆಂದರೆ, ಹುಡುಗಿಗೆ ಒಂಬತ್ತನೇ ವಯಸ್ಸಿನಲ್ಲೇ ದೇವರಿಗೆ ಮುತ್ತು ಕಟ್ಟಲಾಗಿದೆ. ಅವಳು ದೇವರ ಹೆಂಡತಿ. ಗಂಡನಿರುವವಳಿಗೆ ಇನ್ನೊಂದು ಮದುವೆ ಸಲ್ಲದು.

ಮುತ್ತು ಕಟ್ಟುವುದೆಂದರೆ ಏನೆಂದು ಅದು ನಡೆಯದ ಕಡೆಯವರಿಗೆ ಹೇಳಬೇಕು. ನಮ್ಮ ಕೇರಿಯ ಹುಡುಗಿಯ ಕೊರಳಿಗೆ ಕೆಂಪು-ಬಿಳಿ ಮಣಿ ಕಟ್ಟಿ, ಇವಳು ದೇವರವಳು ಎನ್ನುತ್ತಾರೆ. ಅವಳನ್ನು ಯಾರೂ ಮದುವೆಯಾಗುವಂತಿಲ್ಲ. ದೇವರು ಎಂದೂ ಬಾಗಿಲು ತಟ್ಟುವುದಿಲ್ಲ, ಊರ ದೊಡ್ಡವರು ತಟ್ಟುತ್ತಾರೆ. ನನಗೂ ಕಟ್ಟಿದ್ದರು. ಹದಿನೈದಕ್ಕೆ ಬೆಂಗಳೂರಿಗೆ ಬಂದ ವಾರವೇ ಆ ಮಣಿಯನ್ನು ಚರಂಡಿಗೆ ಎಸೆದೆ. ಬಸಲಿಂಗನಿಗೆ ಇದೆಲ್ಲ ಗೊತ್ತು.

"ಹೌದೇನಮ್ಮ, ಕಟ್ಟಿದ್ದು ನಿಜವಾ?" ಮೇಡಂ ನನ್ನನ್ನು ಕೇಳಿದರು. "ಯೋಚನೆ ಮಾಡಿ ಹೇಳು. ಅದರಿಂದ ನಿನ್ನ ಮದುವೆ ನಿಲ್ಲಲ್ಲ. ಆದ್ರೆ ಮುತ್ತು ಕಟ್ಟೋದು ಅಪರಾಧ. ನಿಜ ಅಂದ್ರೆ ನಾನು ಪೊಲೀಸಿಗೆ ಬರೀಬೇಕಾಗತ್ತೆ. ಕಟ್ಟಿದವರಿಗೆ ಜೈಲು. ಕೆಳಗೆ ನಿನ್ನ ತಾಯಿ ಹೆಬ್ಬೆಟ್ಟಿದೆ."

ಗೌಡರು ಮೀಸೆಯಲ್ಲೇ ನಕ್ಕರು. ನನಗೆ ಆಗ ಅರ್ಥವಾಯಿತು. ಹೌದು ಎಂದರೆ ಅವ್ವ ಜೈಲಿಗೆ. ಸುಳ್ಳು ಎಂದರೆ ಗೌಡರ ಮಾತು ಸುಳ್ಳಾಯಿತು, ಅವ್ವ ಇವತ್ತು ಅವರ ಜೊತೆಯೇ ಊರಿಗೆ ಹೋಗಬೇಕು. ಅತ್ತ ದರಿ, ಇತ್ತ ಪುಲಿ. ಗೌಡರು ತಾವೇ ದಾರಿಯನ್ನೂ ತೋರಿಸಿದರು.

"ಅರ್ಜಿ ಹಿಂದಕ್ಕ ತೊಗೊಂಡೀನಂತ ಬರದ ಕೊಡು. ನಾವೂ ಕಾಗದ ಹರದ ಹಾಕ್ತೀವಿ. ನಿಮ್ಮವ್ವ ತನ್ನ ಗುಡಸಲ್ದಾಗ ತಾ ಇರ್ತಾಳ. ಏನಂತಿ?"

ನಾನು ಬಸಲಿಂಗನ ಮುಖ ನೋಡಿದೆ. ಅವನು ನೆಲ ನೋಡುತ್ತ, "ನಿಮ್ಮವ್ವ ಉಳೀಲಿ ನಂದಾ" ಅಂದ. ಪೆನ್ನು ಕೇಳಲು ಕೈ ಚಾಚಿದೆ.

"ತಡೀಮ್ಮ," ಅಂದರು ಮೇಡಂ. "ತಕರಾರು ಕೊಟ್ಟವರಿಗೆ ಅದನ್ನ ಓದಿ ಹೇಳಿ, ಈ ಪುಸ್ತಕದಲ್ಲಿ ಹೆಬ್ಬೆಟ್ಟು ತಗೋಬೇಕು, ಇಲ್ಲಾ ಬೇಡ ಅಂತ ಹೇಳಿಸ್ಕೋಬೇಕು. ಅದು ನಿಯಮ. ಶಶಿಕುಮಾರ್, ಆಯಮ್ಮನ್ನ ಒಳಗೆ ಕರೀರಿ."

ಗೌಡರು ಅವ್ವನನ್ನು ಇಷ್ಟು ದೂರ ಎಳೆದು ತಂದದ್ದು ಅದಕ್ಕೇ. ಅಂಚೆಯಲ್ಲಿ ಕಳಿಸಿದರೆ ಬಲ ಸಾಲದು ಎಂದು ಅವರ ವಕೀಲ ಹೇಳಿದ್ದನಂತೆ.

ಅವ್ವ ಒಳಗೆ ಬಂದು ಗೋಡೆಗೆ ಒತ್ತಿ ನಿಂತಳು. ಮೇಡಂ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಒಮ್ಮೆ ಗೌಡರ ಕಡೆ ನೋಡಿ, ಆಮೇಲೆ ಓದಿದರು. "ಸದರಿ ಕಾರ್ಯವು ಊರ ಹಿರಿಯರಾದ ಚನಬಸಪ್ಪ ಗೌಡರ ಸಮಕ್ಷಮ, ಅವರ ಅಪ್ಪಣೆಯಂತೆ ಜರುಗಿರುತ್ತದೆ."

ನಮ್ಮೂರಲ್ಲಿ ಗೌಡರ ಹೆಸರಿಲ್ಲದೆ ನಾಮಕರಣದ ಚೀಟಿಯೂ ಬರೆಯುವುದಿಲ್ಲ. ತಮ್ಮ ಹೆಸರಿದ್ದರೆ ತಕರಾರಿಗೆ ತೂಕ ಬರುತ್ತದೆಂದು ಗೌಡರು ತಾವೇ ಹೇಳಿ ಬರೆಸಿದ ಸಾಲು ಅದು.

"ಅರ್ಧಾ ಬರದಾರ್ರೀ ಯವ್ವಾ," ಅಂದಳು ಅವ್ವ.

"ಏ ಹನುಮಿ!" ಗೌಡರು ಕುರ್ಚಿ ಹಿಡಿದರು. "ಹೆಬ್ಬಟ್ಟ ಒತ್ತು, ಹೊರಗ ನಡಿ."

ಅವ್ವ ಅವರ ಕಡೆ ನೋಡಲಿಲ್ಲ. ಮೇಡಮ್ಮಿಗೇ ಹೇಳಿದಳು. "ಇದಕ್ಕ ಮೈತುಂಬ ಹುಣ್ಣು ಎದ್ದಿದ್ವು. ಮುತ್ತು ಕಟ್ಟಿಸು, ಇಲ್ಲಂದ್ರ ಕೂಸು ಉಳಿಯಂಗಿಲ್ಲ ಅಂದವರು ಇವರು. ಸೀರಿ ತಂದವರು ಇವರು, ಪೂಜಾರಿನ್ನ ಕರಸಿದವರು ಇವರು. ಕಟ್ಟಿದಾಕಿ ನಾ. ಹದಿನೈದು ತುಂಬತಿದ್ದಂಗ ಇವರ ಮನಿಯಿಂದ ಹುಡುಗಿನ್ನ ಕಳಸು ಅಂತ ಹೇಳಿಕಿ ಬಂತು. ಅವತ್ತ ಸಂಜೀಕ ಇದನ್ನ ಬಸ್ ಹತ್ತಿಸಿದೆ. ಅದನ್ನೂ ಬರೀರಿ."

ಅವ್ವ ನನ್ನನ್ನು ದುಡಿಯಲು ಕಳಿಸಿದಳೆಂದೇ ಒಂಬತ್ತು ವರ್ಷ ತಿಳಿದಿದ್ದೆ. ಹಬ್ಬಕ್ಕೂ ಊರಿಗೆ ಬರಬೇಡ ಎನ್ನುವಳಲ್ಲ ಎಂದು ಫೋನಿನಲ್ಲಿ ಎಷ್ಟು ಸಲ ಬೈದಿದ್ದೇನೋ. ನನಗೆ ಅಲ್ಲೇ ಅಳು ಒತ್ತರಿಸಿ ಬಂತು.

ಗೌಡರ ಮುಖ ಕಪ್ಪಾಯಿತು. "ಈ ಮುದಿಗೊಡ್ಡಿಗೆ ತಲಿ ಕೆಟ್ಟೈತ್ರೀ ಮೇಡಂ. ನಮಗ ತಕರಾರೂ ಬ್ಯಾಡ, ಏನೂ ಬ್ಯಾಡ. ಹಾಳಾಗಿ ಹೋಗಲಿ, ಲಗ್ನ ಆಗಲಿ. ಕಾಗದ ಕೊಡ್ರಿ."

ಶಶಿಕುಮಾರ್ ಉಸಿರು ಬಿಟ್ಟ. "ವಾಪಸ್ ಅಂದ್ರೆ ಎಲ್ಲಾರ್ಗೂ ಒಳ್ಳೇದು ಮೇಡಂ. ಕೇಸಿಲ್ಲ, ಗೀಸಿಲ್ಲ. ಇವರದ್ದೂ ಇನ್ನೆರಡು ದಿನಕ್ಕೆ ಮುಗ್ದೋಗತ್ತೆ."

ಇನ್ನೆರಡು ದಿನ. ಸುಳ್ಳು ಹೇಳುವುದಿಲ್ಲ, ನನ್ನ ಜೀವ ಕುಣಿಯಿತು. "ಅವ್ವಾ, ಬ್ಯಾಡ ಅಂದುಬಿಡು," ಅಂದೆ. "ಊರಿಗೆ ಹೋಗಬ್ಯಾಡ, ನಮ್ಮ ಕೂಡ ಇರು. ನೀ ಜೈಲಿಗೆ ಹೋದಮ್ಯಾಲ ನನಗ್ಯಾಕಬೇ ಲಗ್ನ?"

"ಹೆಬ್ಬಟ್ಟ ನಂದು," ಅಂದಳು ಅವ್ವ. "ಗೌಡ್ರದಲ್ಲ. ತಕರಾರು ನಾ ಹಿಂದಕ್ಕ ತೊಗೊಳ್ಳಂಗಿಲ್ಲ. ಹ್ವಾದ ವರ್ಸ ನಮ್ಮ ಕೇರ್ಯಾಗ ಮತ್ತ ಮೂರು ಹುಡುಗ್ಯಾರಿಗೆ ಕಟ್ಟಿಸ್ಯಾರ. ಅವು ಯಾವ ಬಸ್ ಹತ್ತಬೇಕು?"

ಗೌಡರು ಮೇಜಿನ ಮೇಲಿನ ಕಾಗದಕ್ಕೆ ಕೈ ಹಾಕಿದರು. ಮೇಡಂ ಅದನ್ನು ಪುಸ್ತಕದೊಳಗೆ ಸೇರಿಸಿ ಮೇಲೆ ಮೊಣಕೈ ಊರಿದರು. ಗೌಡರು ಫೋನು ಹಿಡಿದು ಹೊರಟಾಗ ಬಸಲಿಂಗ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. "ಸರಿಯೋ ಹಡಸು ಮಗನ!" ಎಂದು ಕಪಾಳಕ್ಕೆ ಹೊಡೆದರು. ಅವನು ಸರಿಯಲಿಲ್ಲ. ಇನ್ನೊಂದು ಹೊಡೆದರು. ಆಗಲೂ ಸರಿಯಲಿಲ್ಲ.

"ಇದನ್ನ ಬರೆದ್ರೆ ನಿನ್ನನ್ನೂ ಹಿಡೀತಾರೆ ಹನುಮವ್ವ," ಅಂದರು ಮೇಡಂ. "ತಕರಾರು ಉಳಿದ್ರೆ ವಿಚಾರಣೆ ಆಗ್ಬೇಕು, ಮಗಳ ಮದುವೆ ಯಾವಾಗ ಅಂತ ನಾನೂ ಹೇಳೋಕಾಗಲ್ಲ. ಗೊತ್ತಾಯ್ತಾ?"

"ಗೊತ್ತೈತ್ರೀ."

ಶಶಿಕುಮಾರ್ ಪೆನ್ನು ತೆಗೆಯಲಿಲ್ಲ, ಮೇಡಂ ಮುಖವನ್ನೇ ನೋಡುತ್ತಿದ್ದ. ಮೇಡಂ ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಗೌಡರ ಜೊತೆ ಜೀಪಿನಲ್ಲಿ ಬಂದಿದ್ದವರು ಬಾಗಿಲು ಬಡಿಯತೊಡಗಿದ್ದರು. ನಾನು ಕಣ್ಣೊರೆಸಿಕೊಂಡೆ. ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು, ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡೆ.

"ಹೇಳವ್ವಾ," ಅಂದೆ.

"ಮೊದಲ್ನೇದಾಕಿ ದುರುಗವ್ವ," ಅಂದಳು ಅವ್ವ. "ಎಂಟು ವರ್ಸ. ಬರಕೋ."